ಪ್ಯುಡೆಂಡಲ್ ನರದ ಆಪರೇಷನ್ ಆದ ಮೇಲೆ: ಸ್ಪರ್ಶ, ಸುಖ ಮರಳಿ ಪಡೆಯುವ ದಾರಿ

“ಆಪರೇಷನ್ ಆಗಿ ಎರಡು ತಿಂಗಳಾಯ್ತು ಮೇಡಂ. ಕೂತಾಗ ನೋವು ಸ್ವಲ್ಪ ಕಡಿಮೆ. ಆದರೆ ಅದು...” ಮಾತು ಅಲ್ಲಿಗೇ ನಿಲ್ಲುತ್ತದೆ. ಆ ‘ಅದು’ ಏನು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ನಾನು ಫಿಸಿಯೋಥೆರಪಿಸ್ಟ್, ಆಪರೇಷನ್ ಮಾಡುವವಳಲ್ಲ. ಸರ್ಜನ್ ಹತ್ತಿರ ಕೇಳಲಾಗದೆ ಉಳಿದ ಪ್ರಶ್ನೆಗಳು ನನ್ನ ಹತ್ತಿರ ಬರುತ್ತವೆ. ಸ್ಪರ್ಶ ವಾಪಸ್ ಬರುತ್ತಾ? ಯಾವಾಗ? ಅಲ್ಲಿವರೆಗೆ ಏನು ಮಾಡಬೇಕು, ಏನು ಮಾಡಬಾರದು? ಮತ್ತೆ ಮತ್ತೆ ಇದೇ ಕೇಳುತ್ತಾರೆ, ಅದಕ್ಕೇ ಒಂದೇ ಕಡೆ ಬರೆದಿದ್ದೇನೆ. ಇಲ್ಲಿರುವುದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಸರ್ಜನ್ ಮಾತೇ ಕೇಳಿ. ಒಳಗೆ ಏನಿತ್ತು ಅಂತ ನೋಡಿದವರು ಅವರು.

ಮೊದಲು ಈ ನರದ ಪರಿಚಯ

ಪ್ಯುಡೆಂಡಲ್ ನರ ಬೆನ್ನುಹುರಿಯ ತೀರಾ ಕೆಳಗಿನ ಎಸ್2, ಎಸ್3, ಎಸ್4 ಬೇರುಗಳಿಂದ ಹುಟ್ಟುತ್ತದೆ. ಪಿರ್ರೆಯ ಒಳಗೆ ಎರಡು ಗಟ್ಟಿ ಲಿಗಮೆಂಟುಗಳ (ಮೂಳೆಗೆ ಮೂಳೆ ಬಿಗಿಯುವ ಪಟ್ಟಿಗಳ) ನಡುವೆ ನುಸುಳಿ, ಆಲ್ಕಾಕ್ ಕಾಲುವೆ ಎಂಬ ಸಣ್ಣ ಸುರಂಗ ದಾಟಿ ಮುಂದೆ ಬರುತ್ತದೆ. ನರ ಹೆಚ್ಚಾಗಿ ಒತ್ತಿಹೋಗುವುದು ಈ ಎರಡು ಜಾಗಗಳಲ್ಲೇ. ಆ ಒತ್ತಡ ಬಿಡಿಸುವ ಆಪರೇಷನ್ನಿಗೆ ಡಿಕಂಪ್ರೆಷನ್ ಅನ್ನುತ್ತಾರೆ. ಮುಂದೆ ನರಕ್ಕೆ ಮೂರು ಕವಲು. ಒಂದು ಗುದದ್ವಾರಕ್ಕೆ, ಇನ್ನೊಂದು ಗುದ ಮತ್ತು ಜನನಾಂಗದ ನಡುವಿನ ಜಾಗಕ್ಕೆ, ಮೂರನೆಯದು ಶಿಶ್ನಕ್ಕೆ ಅಥವಾ ಕ್ಲಿಟೋರಿಸ್‌ಗೆ, ಅಂದರೆ ಭಗಾಂಕುರಕ್ಕೆ.

ಜಾಸ್ತಿ ಜನ ತಪ್ಪು ತಿಳಿಯುವ ಸಂಗತಿಯೊಂದಿದೆ. ಈ ನರ ಸ್ಪರ್ಶದ ನರ. ಶಿಶ್ನ ನಿಮಿರುವುದು, ಭಗಾಂಕುರ ತುಂಬಿಕೊಳ್ಳುವುದು, ಯೋನಿ ಒದ್ದೆಯಾಗುವುದು ಮುಖ್ಯವಾಗಿ ಬೇರೆ ನರಗಳ ಕೆಲಸ. ಅವೂ ಅದೇ ಬೇರುಗಳಿಂದಲೇ ಬರುತ್ತವೆ, ಆದರೆ ಆಲ್ಕಾಕ್ ಕಾಲುವೆಯೊಳಗೆ ಹೋಗುವುದಿಲ್ಲ. ಮನೆಯಲ್ಲಿ ನಲ್ಲಿಯಲ್ಲಿ ನೀರು ಬರುತ್ತಿದೆ, ಕರೆಂಟ್ ಇಲ್ಲ ಅಂದ ಹಾಗೆ. ಹಾಗಾಗಿ “ನಿಮಿರುತ್ತದೆ, ಆದರೆ ಏನೂ ಗೊತ್ತಾಗಲ್ಲ” ಎಂಬುದು ವಿಚಿತ್ರವೇನಲ್ಲ. ಬೆಳಗಿನ ಜಾವ ತಾನಾಗಿ ನಿಮಿರುತ್ತಿದ್ದರೆ ರಕ್ತನಾಳದ ದಾರಿ ಚೆನ್ನಾಗಿದೆ ಎಂದು ಲೆಕ್ಕ.

ಆದರೆ ಸ್ಖಲನದ ಹೊತ್ತಿನಲ್ಲಿ ಮಿಡಿಯುವ ಸ್ನಾಯುಗಳು ಪ್ಯುಡೆಂಡಲ್ ನರದ ಕೈಕೆಳಗೆ ಬರುತ್ತವೆ. ಅದಕ್ಕೇ ವೀರ್ಯ ಚಿಮ್ಮದೆ ಸುಮ್ನೆ ಜಿನುಗಬಹುದು. ಹೆಂಗಸರಿಗೆ ಪರಾಕಾಷ್ಠೆ (ಸುಖದ ತುದಿ) ಮಂಕಾಗಬಹುದು, ತಡವಾಗಬಹುದು.

ಎಷ್ಟು ದಿನ?

ನರದ ಮೇಲಿನ ಹೊದಿಕೆ ಮಾತ್ರ ಜಜ್ಜಿದ್ದರೆ ಕೆಲವು ವಾರಗಳಿಂದ ಸುಮಾರು ಮೂರು ತಿಂಗಳಲ್ಲಿ ಚೇತರಿಕೆ ಕಾಣುತ್ತದೆ. ಒಳಗಿನ ಎಳೆಗಳೇ ಹಾಳಾಗಿದ್ದರೆ ಅವು ಮತ್ತೆ ಬೆಳೆಯಬೇಕು. ನರ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಒತ್ತಿದ ಜಾಗದಿಂದ ಚರ್ಮದ ತನಕ 18 ಸೆಂಟಿಮೀಟರ್ ದಾರಿ ಅಂತಿಟ್ಟುಕೊಳ್ಳಿ. ಅಲ್ಲಿಗೆ 180 ದಿನ, ಆರು ತಿಂಗಳು. ಹೊರಡುವ ಮೊದಲಿನ ತಡ ಬೇರೆ. ವರ್ಷ, ಒಂದೂವರೆ ವರ್ಷ ನಿಧಾನವಾಗಿ ಸುಧಾರಿಸುವವರು ಇದ್ದಾರೆ. ಪೂರ್ತಿ ಮೊದಲಿನಂತೆ ಆಗದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಫ್ರಾನ್ಸಿನ ನಾಂಟ್ ಊರಿನ ಸರ್ಜನ್ ರೋಜೆ ರೊಬೇರ್ ತಂಡ 2005ರಲ್ಲಿ ಪ್ರಕಟಿಸಿದ 32 ಜನರ ಪ್ರಯೋಗವನ್ನು ಎಲ್ಲರೂ ತೋರಿಸುತ್ತಾರೆ. ಒಂದು ವರ್ಷದ ಹೊತ್ತಿಗೆ ಆಪರೇಷನ್ ಆದವರಲ್ಲಿ ಶೇ. 71.4 ಜನಕ್ಕೆ, ಆಗದವರಲ್ಲಿ ಶೇ. 13.3 ಜನಕ್ಕೆ ಸುಧಾರಣೆ ಕಂಡಿತ್ತು. ಒಳ್ಳೆಯ ಸುದ್ದಿಯೇ. ಆದರೆ ಅದು ನೋವಿನ ಲೆಕ್ಕ. “ನೂರಕ್ಕೆ ಎಪ್ಪತ್ತು ಜನಕ್ಕೆ ಲೈಂಗಿಕ ಸುಖ ವಾಪಸ್” ಅಂತ ಯಾರಾದರೂ ಇದೇ ಅಂಕಿ ಹೇಳಿದರೆ ನಂಬಬೇಡಿ.

ಇವು ಕಂಡರೆ ಕಾಯಬೇಡಿ

ಮೂತ್ರ ಕಟ್ಟಿಕೊಂಡರೆ, ಮಲ ಗೊತ್ತಿಲ್ಲದೆ ಹೋದರೆ, ಎರಡೂ ತೊಡೆಯ ನಡುವೆ ಹೊಸದಾಗಿ ಪೂರ್ತಿ ಮರಗಟ್ಟಿದರೆ, ಕಾಲು ಸೋತರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದೂ ತುರ್ತೇ. ಕರ್ನಾಟಕದಲ್ಲಾದರೆ 108ಕ್ಕೆ ಕರೆ ಮಾಡಿ. ನಾಚಿಕೊಂಡು ಬೆಳಗಾಗಲಿ ಅಂತ ಕಾಯುವುದು ಬೇಡ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್. ಹತ್ತಿ. ಸ್ಟೀಲ್ ಚಮಚ. ಎರಡು ದಿಂಬು. ನಡುವೆ ಕತ್ತರಿಸಿದ ಯು ಆಕಾರದ ಕುಶನ್. ಮೆಡಿಕಲ್ ಶಾಪಿನಲ್ಲಿ ಸಿಗುವ ನೀರಿನ ಆಧಾರದ ಲೂಬ್ರಿಕೆಂಟ್ ಜೆಲ್, ಅಂದರೆ ಜಾರಿಕೆಗೆ ಹಚ್ಚುವ ಲೋಳೆ. ಕೊನೆಗೆ, ಚಿಲಕ ಸರಿಯಾಗಿ ಬೀಳುವ ಒಂದು ಕೋಣೆ. ನಗಬೇಡಿ. ತುಂಬಿದ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟಕ್ಕೆ ಸಿಗುವುದು ಅದೇ.

ಹಂತ 1: ಮೊದಲ ಆರು ವಾರ, ನರವನ್ನು ಅದರ ಪಾಡಿಗೆ ಬಿಡಿ

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸಂಭೋಗ ಬೇಡ ಅನ್ನುತ್ತಾರೆ. ನಿಮ್ಮ ಗಡುವು ಎಷ್ಟು ಅಂತ ಡಿಸ್ಚಾರ್ಜ್ ದಿನವೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಹೆಚ್ಚು ಹೊತ್ತು ಕೂರಬೇಡಿ, ನಡುನಡುವೆ ಎದ್ದು ಓಡಾಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಸದ್ಯಕ್ಕೆ ಬೇಡ. ಸೈಕಲ್ ಬೇಡ. ಹಂಪು, ಗುಂಡಿ ಹಾರಿಸುವ ಬೈಕ್ ಸವಾರಿಯಂತೂ ಬೇಡವೇ ಬೇಡ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ತಿಣುಕಿದಾಗಲೆಲ್ಲ ಈ ನರ ಎಳೆದುಕೊಳ್ಳುತ್ತದೆ. ನೀರು, ಸೊಪ್ಪು, ಡಾಕ್ಟರ್ ಒಪ್ಪಿದರೆ ರಾತ್ರಿ ಇಸಬ್‌ಗೋಲ್. ಕೆಲವು ತಿಂಗಳು ಕಮೋಡ್ ಬಳಸಿ, ಪಾದದ ಕೆಳಗೆ ಒಂದು ತಗ್ಗು ಮಣೆ ಇಟ್ಟುಕೊಳ್ಳಿ.

*ಎಡವುವ ಜಾಗ:* ಬಿಸಿನೀರಿನ ಚೀಲ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಎದ್ದ ಮೇಲೆ ಒಳಬಟ್ಟೆ ಅಂಟಿದಾಗಲೇ ಗೊತ್ತಾಗುವುದು. ಟಬ್ಬಿನ ನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ. ಐಸನ್ನೂ ಬಟ್ಟೆ ಸುತ್ತದೆ ಇಡಬೇಡಿ.

ಹಂತ 2: ನಕ್ಷೆ ಬರೆಯಿರಿ, ತಿಂಗಳಿಗೊಮ್ಮೆ ಮಾತ್ರ

ನೋಟ್‌ಬುಕ್ಕಿನಲ್ಲಿ ಒಂದು ಗಡಿಯಾರದ ಚಿತ್ರ ಬರೆಯಿರಿ. 12 ಅಂದರೆ ಮುಂದೆ, ಶಿಶ್ನ ಅಥವಾ ಭಗಾಂಕುರದ ಕಡೆ. 6 ಅಂದರೆ ಗುದದ್ವಾರ. ಮಲಗಿ, ಮೊದಲು ಒಳತೊಡೆಗೆ ಹತ್ತಿ ತಾಗಿಸಿ. ಅಲ್ಲಿ ಗೊತ್ತಾಗುವುದನ್ನು 10 ಅಂತ ಇಟ್ಟುಕೊಳ್ಳಿ. ಆಮೇಲೆ ಗಡಿಯಾರದ ಒಂದೊಂದು ಗಂಟೆಯ ಜಾಗಕ್ಕೂ ಹತ್ತಿ ತಾಗಿಸಿ ಅಂಕ ಬರೆಯಿರಿ. ನಂತರ ತಣ್ಣೀರಲ್ಲಿ ಅದ್ದಿದ ಚಮಚದ ಹಿಂಭಾಗದಿಂದ ಅದೇ ಕೆಲಸ. ಪಿನ್ನು, ಸೂಜಿ, ಉಗುರು ಬೇಡ.

ಒಬ್ಬರ ಪುಸ್ತಕ ಕಣ್ಣ ಮುಂದಿದೆ. ಮೊದಲ ತಿಂಗಳು 1ರಿಂದ 5 ಗಂಟೆವರೆಗೆ ಎಲ್ಲ 2. ಮೂರನೆಯ ತಿಂಗಳು ಹತ್ತಿಗೆ ಅದೇ 2, ಚಮಚಕ್ಕೆ ಮಾತ್ರ 4. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ “ತಣ್ಣಗೆ ಅನಿಸಿತು!” ಅಂತ ಬರೆದಿದ್ದರು. ಅದನ್ನು ಬರೆದಿಡದೆ ಇದ್ದಿದ್ದರೆ “ಮೂರು ತಿಂಗಳಲ್ಲಿ ಏನೂ ಆಗಿಲ್ಲ” ಅಂತಲೇ ಬಂದು ಹೇಳುತ್ತಿದ್ದರು.

ಇನ್ನೊಂದು ಮಾತು. ವಾಪಸ್ ಬರುವಾಗ ಮೊದಲು ಬರುವುದು ಸುಖ ಅಲ್ಲ. ಚುಮುಚುಮು, ತುರಿಕೆ, ಇರುವೆ ಹರಿದಂತೆ, ಆಗಾಗ ಕರೆಂಟ್ ಹೊಡೆದಂತೆ. ಕೆಲವರಿಗೆ ಎರಡು ಮೂರು ತಿಂಗಳ ಹೊತ್ತಿಗೆ ನೋವು ಒಮ್ಮೆ ಏರಿ ಇಳಿಯುತ್ತದೆ. ಅದು ಆಪರೇಷನ್ ಕೆಟ್ಟಿತು ಅನ್ನುವುದಕ್ಕೆ ಸಾಕ್ಷಿಯಲ್ಲ. ಹೇಳಿ, ತೋರಿಸಿ, ಆದರೆ ಹೆದರಬೇಡಿ.

*ಎಡವುವ ಜಾಗ:* ದಿನಾ ಪರೀಕ್ಷೆ. ನೆಟ್ಟ ಸಸಿಯನ್ನು ದಿನಾ ಕಿತ್ತು ಬೇರು ನೋಡಿದ ಹಾಗೆ. ಮುಟ್ಟಿ ಮುಟ್ಟಿ ಚರ್ಮ ಕೆರಳುತ್ತದೆ, ಮನಸ್ಸು ಕುಸಿಯುತ್ತದೆ.

ಹಂತ 3: ಬಿಗಿ ಬಿಡಿಸಿ

ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲಿನಂತೆ ಕಟ್ಟಿದ ಸ್ನಾಯುಗಳಿವೆ. ಇವಕ್ಕೆ ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ವರ್ಷಗಟ್ಟಲೆ ನೋವು ತಿಂದವರಲ್ಲಿ ಇವು ಮುಷ್ಟಿ ಹಿಡಿದಂತೆ ಬಿಗಿದಿರುತ್ತವೆ. ನರವನ್ನು ಬಿಡಿಸಿದರೂ ಮುಷ್ಟಿ ಬಿಡುವುದಿಲ್ಲ. ಕೂಡುವಾಗ ನೋವು, ಸ್ಖಲನದ ನಂತರ ಉರಿ, ಯೋನಿಯ ಬಾಯಿ ಮುಚ್ಚಿಕೊಂಡಂತೆ ಆಗುವುದು, ಎಷ್ಟೋ ಸಲ ಇದರ ಕಾರಣಕ್ಕೆ.

ಹೀಗೆ ಮಾಡಿ. ಅಂಗಾತ ಮಲಗಿ, ಮೊಣಕಾಲ ಕೆಳಗೆ ದಿಂಬಿಡಿ. ಒಂದು ಕೈ ಹೊಟ್ಟೆ ಮೇಲೆ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಏಳಲಿ. ಅದೇ ಹೊತ್ತಿಗೆ ಮೂತ್ರ ಶುರುವಾಗುವ ಕ್ಷಣದಲ್ಲಿ ಒಳಗೆ ಏನು ಸಡಿಲಾಗುತ್ತದೋ ಅದನ್ನು ಸಡಿಲ ಬಿಡಿ. ಕೆಳಗೆ ತಳ್ಳಬೇಡಿ, ಬಿಡಿ ಅಷ್ಟೇ. ಉಸಿರು ಹೊರಗೆ ಹೋಗುವಾಗ ಹಿಂಡಬೇಡಿ. ಐದು ನಿಮಿಷ, ದಿನಕ್ಕೆರಡು ಸಲ. ಹಲ್ಲು ಕಚ್ಚಿಕೊಂಡಿದ್ದೀರಾ ಅಂತಲೂ ನೋಡಿಕೊಳ್ಳಿ. ದವಡೆ ಬಿಗಿಯಾಗಿದ್ದರೆ ಕೆಳಗೂ ಬಿಗಿ ಇರುವುದು ಮಾಮೂಲು.

*ಎಡವುವ ಜಾಗ:* ಕೀಗಲ್ ವ್ಯಾಯಾಮ. ಮೂತ್ರ ತಡೆಯುವಂತೆ ಒಳಗೆ ಹಿಂಡಿ ಬಿಡುವುದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ಇದನ್ನು ಬರೆದದ್ದು ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳಿಗೆ. ಯೂಟ್ಯೂಬ್ ನೋಡಿ ದಿನಕ್ಕೆ ನೂರು ಹಿಂಡಿ, ನೋವು ಎರಡರಷ್ಟು ಮಾಡಿಕೊಂಡು ಬಂದವರು ನನ್ನಲ್ಲಿ ಕಡಿಮೆಯಿಲ್ಲ. ಬಿಗಿದ ಮುಷ್ಟಿಯನ್ನು ಇನ್ನೂ ಬಿಗಿದರೆ ಏನು ಲಾಭ? ನಿಮ್ಮದು ಬಿಗಿಯೋ ಸಡಿಲವೋ ಅಂತ ಪೆಲ್ವಿಕ್ ಫ್ಲೋರ್ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಮುಟ್ಟಿ ನೋಡಿ ಹೇಳಲಿ. ಬಿಗಿ ಬಿಟ್ಟ ಮೇಲೆ, ಸ್ಖಲನದ ಬಲಕ್ಕೆ ಬೇಕಾದಷ್ಟು ಹಿಂಡುವುದನ್ನು ಅವರೇ ಕಲಿಸುತ್ತಾರೆ.

ಹಂತ 4: ಚರ್ಮಕ್ಕೆ ಮತ್ತೆ ಪಾಠ

ಗಾಯ ಪೂರ್ತಿ ಮಾಯ್ದ ಮೇಲೆ ಶುರು ಮಾಡಿ. ನರ ಕಳಿಸುವ ಸುದ್ದಿ ಬಹಳ ದಿನ ಕೆಟ್ಟಿದ್ದರಿಂದ ಮಿದುಳು ಎಲ್ಲ ಸ್ಪರ್ಶವನ್ನೂ ಉರಿ ಅಂತಲೋ, ಏನೂ ಇಲ್ಲ ಅಂತಲೋ ಓದುತ್ತಿರುತ್ತದೆ. ಅದಕ್ಕೆ ನಿಧಾನವಾಗಿ ಹೊಸ ಪಾಠ.

ಮೊದಲು ರೇಷ್ಮೆ ಬಟ್ಟೆಯ ತುಂಡು, ಆಮೇಲೆ ಒಗೆದೊಗೆದು ಮೆತ್ತಗಾದ ಹಳೇ ಪಂಚೆ ಅಥವಾ ಸೀರೆ, ಕೊನೆಗೆ ಟರ್ಕಿ ಟವೆಲ್. ಸರಿಯಾಗಿ ಗೊತ್ತಾಗುವ ತೊಡೆಯಿಂದ ಹೊರಟು ಮಂಕಾದ ಜಾಗದ ಅಂಚಿನ ತನಕ, ಅಲ್ಲಿಂದ ಚೂರು ಒಳಗೆ. ಮೊದಲು ಕಣ್ಣು ಬಿಟ್ಟು ನೋಡುತ್ತಾ, ಆಮೇಲೆ ಕಣ್ಣು ಮುಚ್ಚಿ. ಐದು ನಿಮಿಷ ಸಾಕು. ಇದು ಕಾಮದ ಕೆಲಸ ಅಲ್ಲ, ಸ್ನಾನ ಮಾಡಿ ತಲೆ ಒರೆಸಿಕೊಂಡಷ್ಟೇ ಸಾಧಾರಣ ಕೆಲಸ. ಬಟ್ಟೆ ತಾಗಿದರೇ ಉರಿಯುವವರು ವಾರಗಟ್ಟಲೆ ಅಂಚಿನಲ್ಲೇ ಇರಿ.

ನಂತರ ಒಬ್ಬರೇ ಇರುವಾಗ, ಜೆಲ್ ಹಚ್ಚಿಕೊಂಡು, ಗುರಿ ಇಲ್ಲದೆ ಮುಟ್ಟಿಕೊಳ್ಳಿ. ಮದುವೆ ಆಗದವರಿಗೂ ಇದೇ ದಾರಿ. ಹಸ್ತಮೈಥುನದಿಂದ ವೀರ್ಯ ನಷ್ಟವಾಗಿ ನರ ಸೋಲುತ್ತದೆ ಎಂಬ ಮಾತು ಸುಳ್ಳು. ಆದರೆ ಮಂಕಾದ ಜಾಗದಲ್ಲಿ ಏನೂ ತಿಳಿಯದೆ ಗಟ್ಟಿಯಾಗಿ ಉಜ್ಜಿ ಚರ್ಮ ಸುಲಿದುಕೊಳ್ಳುವವರಿದ್ದಾರೆ. ಬಲ ಹೆಚ್ಚಿಸಿದರೆ ಸ್ಪರ್ಶ ಬರುವುದಿಲ್ಲ.

ಹಂತ 5: ಮಾತ್ರೆ ಚೀಟಿ, ರಕ್ತ ಪರೀಕ್ಷೆ

ನರದ್ದೇ ತಪ್ಪು ಅಂತ ಅಂದುಕೊಂಡದ್ದು ಎಷ್ಟೋ ಸಲ ಮಾತ್ರೆಯದ್ದಾಗಿರುತ್ತದೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಾಬಲಿನ್, ಗಾಬಾಪೆಂಟಿನ್ ಇವೆಲ್ಲ ಆಸೆ, ನಿಮಿರುವಿಕೆ ಅಥವಾ ಪರಾಕಾಷ್ಠೆಯನ್ನು ಮಂಕು ಮಾಡಬಲ್ಲವು. ಮೂತ್ರ ಸಲೀಸಾಗಲಿ ಅಂತ ಕೊಡುವ ಟ್ಯಾಮ್ಸುಲೋಸಿನ್‌ನಿಂದ ಸ್ಖಲನವೇ ಒಣಗಿದಂತೆ ಆಗಬಹುದು. ಹಾಗಂತ ನೀವೇ ನಿಲ್ಲಿಸಬೇಡಿ. ನರದ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ನಿದ್ದೆ ಹೋಗುತ್ತದೆ, ಕಳವಳ ಬರುತ್ತದೆ, ಕೆಲವರಿಗೆ ಫಿಟ್ಸ್ ಬರಬಹುದು. “ಡೋಸ್ ಕಡಿಮೆ ಮಾಡಬಹುದಾ, ಬದಲಿಸಬಹುದಾ?” ಅಂತ ಕೇಳಿ.

ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಮಾಂಸ ತಿನ್ನದವರು, ಮೆಟ್‌ಫಾರ್ಮಿನ್ ನುಂಗುವವರು ಬಿ12 ನೋಡಿಸಿ. ಇವೆರಡು ಸರಿ ಇಲ್ಲದಿದ್ದರೆ ನರದ ಚೇತರಿಕೆಗೆ ಅಡ್ಡಿ. ಆಸೆಯೇ ಇಲ್ಲ ಅನ್ನುವ ಗಂಡಸರಿಗೆ ಬೆಳಗಿನ ಟೆಸ್ಟೋಸ್ಟೆರಾನ್. ಮುಟ್ಟು ನಿಂತ ಹೆಂಗಸರ ಒಣಗುವಿಕೆಗೆ ಸ್ತ್ರೀರೋಗ ತಜ್ಞರ ಹತ್ತಿರ ಕ್ರೀಮ್ ಇದೆ, ಸಹಿಸಿಕೊಂಡು ಕೂರಬೇಕಿಲ್ಲ. ಬೀಡಿ ಸಿಗರೇಟು ಬಿಡಿ.

*ಎಡವುವ ಜಾಗ:* ‘ನರದ ವಿಟಮಿನ್’ ಅಂತ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವುದು. ಅವುಗಳಲ್ಲಿರುವ ಬಿ6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಸಿಲ್ಡೆನಾಫಿಲ್ (ವಯಾಗ್ರ ಬಗೆಯ ಮಾತ್ರೆ) ರಕ್ತದ ಹರಿವು ಹೆಚ್ಚಿಸುತ್ತದೆ, ಸ್ಪರ್ಶ ತರುವುದಿಲ್ಲ. ಹೃದಯಕ್ಕೆ ನೈಟ್ರೇಟ್ ಮಾತ್ರೆ, ಅಂದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ತರಹದ್ದು, ತಗೊಳ್ಳುವವರು ಅದರ ಜೊತೆ ಸಿಲ್ಡೆನಾಫಿಲ್ ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತ ರೋಗ’ ಜಾಹೀರಾತಿನವರ ಬಗ್ಗೆ ಒಂದೇ ಮಾತು: ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಬೋರ್ಡ್ ಹಾಕುವಾಗಲೇ ಕಾನೂನು ಮುರಿದವರ ಕೈಗೆ ನಿಮ್ಮ ನರ ಕೊಡಬೇಡಿ.

ಹಂತ 6: ಇಬ್ಬರೂ ಸೇರಿ, ಆದರೆ ಕೂಡದೆ

ಇದನ್ನು ಹಾರಿಸಿ ನೇರ ಏಳನೆಯ ಹಂತಕ್ಕೆ ಹೋಗುವವರೇ ಜಾಸ್ತಿ. ಒಂದು ಸಲ ನೋವಾಯ್ತು ಅಂದರೆ ಮುಂದಿನ ಸಲ ಮುಟ್ಟುವ ಮೊದಲೇ ಮೈ ಬಿಗಿಯುತ್ತದೆ. ಇತ್ತ ಗಂಡನೋ ಹೆಂಡತಿಯೋ ‘ನಾನೇ ನೋವು ಕೊಡ್ತಿದ್ದೀನಿ’ ಅಂತ ಹತ್ತಿರವೇ ಬರುವುದಿಲ್ಲ. ಆಮೇಲೆ ಇಬ್ಬರೂ ಹಾಸಿಗೆಯ ಎರಡು ಅಂಚು.

ಹಗಲು ಹೊತ್ತಿನಲ್ಲಿ, ಬಟ್ಟೆ ತೊಟ್ಟುಕೊಂಡಿರುವಾಗಲೇ ಮಾತಾಡಿಕೊಳ್ಳಿ: “ಇನ್ನು ಮೂರು ವಾರ ಕೂಡುವುದಿಲ್ಲ, ಬರೀ ಮುಟ್ಟುವುದು.” ಮೊದಲ ವಾರ ಬೆನ್ನು, ತೋಳು, ಕಾಲು, ಜನನಾಂಗ ಬಿಟ್ಟು. ಹದಿನೈದು ನಿಮಿಷ ಒಬ್ಬರು, ಹದಿನೈದು ನಿಮಿಷ ಇನ್ನೊಬ್ಬರು. ಎರಡನೆಯ ವಾರದಿಂದ ಜನನಾಂಗವೂ ಸೇರಲಿ, ಕೈ ಮಾತ್ರ. ಇದಕ್ಕೆ ಸೆನ್ಸೇಟ್ ಫೋಕಸ್ ಅಂತ ಹೆಸರು. ಗುರಿ ಮುಟ್ಟುವ ಒತ್ತಡ ತೆಗೆದು ಗಮನವನ್ನು ಸ್ಪರ್ಶದ ಮೇಲೆ ಇಡುವುದು ಇದರ ಗುಟ್ಟು. ಮಾತಿಗೆ ಸಂಕೋಚವಾದರೆ ನಿಮ್ಮವರ ಕೈ ಮೇಲೆ ನಿಮ್ಮ ಕೈ ಇಟ್ಟು ದಾರಿ ತೋರಿಸಿ. ಕತ್ತು, ಕಿವಿ, ಎದೆ ಇವುಗಳ ಸ್ಪರ್ಶ ಈ ನರದ್ದಲ್ಲ. ಅವು ಮೊದಲಿನಂತೆಯೇ ಇವೆ.

ಹಂತ 7: ಕೂಡುವುದು

ಸರ್ಜನ್ ಒಪ್ಪಿರಬೇಕು, ಎರಡನೆಯ ವಾರದ ಸ್ಪರ್ಶ ನೋವಿಲ್ಲದೆ ಆಗಿರಬೇಕು. ಒಂದೇ ಕಡೆ ಆಪರೇಷನ್ ಆಗಿದ್ದರೆ ಆ ಪಿರ್ರೆ ಮೇಲೆ ಬರುವಂತೆ ಪಕ್ಕಕ್ಕೆ ಮಲಗಿ, ಮೊಣಕಾಲ ನಡುವೆ ದಿಂಬಿಟ್ಟುಕೊಳ್ಳಿ. ಎರಡೂ ಕಡೆ ಆಗಿದ್ದರೆ ಎರಡೂ ಪಕ್ಕ ಮಲಗಿ ನೋಡಿ, ಹಾಯೆನಿಸಿದ ಕಡೆ ಇರಿ. ಮೊಣಕಾಲು ಎದೆಗೆ ತಾಗುವಂತೆ ಮಡಚುವುದು, ತೊಡೆ ಅತಿಯಾಗಿ ಅಗಲಿಸುವುದು ಸದ್ಯಕ್ಕೆ ಬೇಡ. ಜೆಲ್ ಧಾರಾಳವಾಗಿರಲಿ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಣ್ಣೆಗೆ ಲ್ಯಾಟೆಕ್ಸ್ ಹರಿಯುತ್ತದೆ.

ನೋವು ಆಗಲೇ ಬರದೆ ಮರುದಿನ ಬರಬಹುದು. ನನ್ನ ಅಳತೆ ಇದು: 24 ಗಂಟೆಯೊಳಗೆ ಮಾಮೂಲಿಗೆ ಇಳಿದರೆ ಅದೇ ಹಂತದಲ್ಲಿರಿ. ಅದಕ್ಕಿಂತ ಜಾಸ್ತಿ ಉಳಿದರೆ ಒಂದು ಹಂತ ಹಿಂದೆ ಹೋಗಿ, ಎರಡು ವಾರ ಬಿಟ್ಟು ಮತ್ತೆ ನೋಡಿ.

ಹಂತ 8: ಆರು ತಿಂಗಳಾದರೂ ನಕ್ಷೆ ಬದಲಾಗದಿದ್ದರೆ

ನೋಟ್‌ಬುಕ್ ಹಿಡಿದು ಸರ್ಜನ್ ಹತ್ತಿರ ವಾಪಸ್ ಹೋಗಿ. ನರ ಇನ್ನೂ ಒತ್ತಿದೆಯಾ, ಒಳಗೆ ಗಾಯದ ಕಲೆ ಕಟ್ಟಿದೆಯಾ, ಕೆಳಬೆನ್ನಿನಲ್ಲಿ ಬೇರೆ ಕಾರಣ ಇದೆಯಾ ಅಂತ ಅವರು ನೋಡಬೇಕು. ಎಂಆರ್‌ಐ, ನರದ ವಿದ್ಯುತ್ ಪರೀಕ್ಷೆ ಬರೆಯಬಹುದು. ಯೂರಾಲಜಿ, ಸ್ತ್ರೀರೋಗ, ಪೇನ್ ಕ್ಲಿನಿಕ್ ಮೂರೂ ಕಡೆ ಓಡಾಡಬೇಕಾಗಬಹುದು. ನಡುವೆ ಮನಸ್ಸು ಸೋತರೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬಾಯಿಬಿಟ್ಟು ಹೇಳಲು ಆಗುವುದಿಲ್ಲವೇ? ಹೇಳಬೇಡಿ, ಬರೆದು ಕೊಡಿ. ನನ್ನಲ್ಲಿ ಬರುವವರಿಗೆ ನಾನು ಬರೆಸುವ ಚೀಟಿ ಹೀಗಿರುತ್ತದೆ:

“ಆಪರೇಷನ್ ಆಗಿ ___ ತಿಂಗಳು. ಸ್ಪರ್ಶ: 10ಕ್ಕೆ ___, ಎಡ / ಬಲ. ನಿಮಿರುವುದು / ಒದ್ದೆಯಾಗುವುದು: ಇದೆ / ಕಡಿಮೆ / ಇಲ್ಲ. ಸ್ಖಲನ / ಪರಾಕಾಷ್ಠೆ: ಇದೆ / ಮಂಕು / ಇಲ್ಲ. ಕೂಡುವಾಗ ನೋವು: 10ಕ್ಕೆ ___, ___ ಗಂಟೆ ಉಳಿಯುತ್ತದೆ. ತೆಗೆದುಕೊಳ್ಳುವ ಮಾತ್ರೆಗಳು: ___. ಇದರ ಬಗ್ಗೆ ಮಾತಾಡಬೇಕು, ದಯವಿಟ್ಟು ಉಳಿದವರನ್ನು ಹೊರಗೆ ಕಳಿಸಿ.”

ಒಳಗೆ ಹೋದ ಕೂಡಲೇ ಫೈಲಿನ ಮೇಲಿಟ್ಟು ಕೊಡಿ. ಹೊರಡುವಾಗ ಅಂತ ಇಟ್ಟುಕೊಂಡರೆ ಅದು ಜೇಬಿನಲ್ಲೇ ಮನೆಗೆ ಬರುತ್ತದೆ.